ಇಂಧನಕ್ಕಾಗಿ ಏನನ್ನು ಬೆಳೆಯುವುದು: ಹುಲ್ಲೋ, ಮರವೋ, ತಾನಾಗಿ ಎದ್ದ ಕಾಡೋ?

ಜೈವಿಕ ಇಂಧನಕ್ಕಾಗಿ ಭೂಮಿಯ ಒಂದು ಭಾಗವನ್ನು ತೆಗೆದಿರಿಸಲು ಹೊರಟವರು ಮೊದಲು ಕೇಳುವುದು ಇಳುವರಿಯ ಬಗ್ಗೆ. ಮಿಸ್ಕಾಂಥಸ್ ಎಂಬ ಎತ್ತರದ ಹುಲ್ಲು ಹೆಕ್ಟೇರಿಗೆ ಎಷ್ಟು ಟನ್ ಕೊಡುತ್ತದೆ, ವಿಲ್ಲೋ ಮರ ಎಷ್ಟು ಕೊಡುತ್ತದೆ, ನೀಲಗಿರಿಯನ್ನು ಎಷ್ಟು ವರ್ಷಕ್ಕೊಮ್ಮೆ ಕಡಿಯಬಹುದು ಎಂಬ ಪ್ರಶ್ನೆಗಳಿಗೆ ಅಂಕಿಗಳು ಸುಲಭವಾಗಿ ಸಿಗುತ್ತವೆ. ಆದರೆ ಆ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತವರ ಗೊಂದಲ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅರಣ್ಯದ ಪರಿಸರ ವಿಜ್ಞಾನವನ್ನೂ ಇಂಧನ ಬೆಳೆಗಳನ್ನೂ ಒಟ್ಟಿಗೆ ನೋಡುವ ಸಂಶೋಧನೆಯಿಂದ ನಾನು ಕಲಿತ ಮುಖ್ಯ ವಿಷಯವೆಂದರೆ, ಒಂದು ಬೆಳೆಯ ಒಳಿತು ಕೆಡುಕುಗಳು ಅದು ಯಾವ ನೆಲಕ್ಕೆ, ಯಾವುದರ ಬದಲಿಗೆ ಬಂದಿದೆ ಎಂಬುದರಿಂದ ಬಹುಮಟ್ಟಿಗೆ ತೀರ್ಮಾನವಾಗುತ್ತವೆ. ಆದ್ದರಿಂದ ಇಲ್ಲಿ ಮೊದಲು ಅಳತೆಗೋಲುಗಳನ್ನು ಹೇಳಿ, ಬಳಿಕ ಒಂದೊಂದು ಆಯ್ಕೆಯನ್ನೂ ಅವುಗಳಿಗೆ ಒಡ್ಡಿ ನೋಡುತ್ತೇನೆ.

ಮೆಕ್ಕೆಜೋಳದಂತಹ ಏಕವಾರ್ಷಿಕ ಬೆಳೆಗಳನ್ನು ಈ ಹೋಲಿಕೆಯಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ಪ್ರತಿವರ್ಷದ ಉಳುಮೆ, ಪ್ರತಿವರ್ಷದ ಸಾರಜನಕ ಗೊಬ್ಬರ, ಆಹಾರದೊಂದಿಗೆ ನೇರ ಪೈಪೋಟಿ, ಈ ಮೂರೂ ಸೇರಿದಾಗ ಇಂಧನದಿಂದ ಸಿಗಬೇಕಾದ ಲಾಭದ ದೊಡ್ಡ ಪಾಲು ಸೋರಿಹೋಗುತ್ತದೆ. ಸಾರಜನಕ ಗೊಬ್ಬರ ಹಾಕಿದ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ ಎಂಬುದೊಂದೇ ಸಂಗತಿ ಸಾಕು, ಬಹುವಾರ್ಷಿಕ ಸಸ್ಯಗಳತ್ತ ಸಂಶೋಧಕರು ತಿರುಗಿದ್ದು ಏಕೆಂದು ತಿಳಿಯಲು.

ಅಳತೆಗೋಲುಗಳು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೆಲದ ಮೇಲೆ ಈಗ ಏನಿದೆ ಎಂಬುದನ್ನು. ಕಾಡನ್ನೋ ಹಳೆಯ ಹುಲ್ಲುಗಾವಲನ್ನೋ ಅರೆಕೊಳೆತ ಸಸ್ಯಗಳ ಪದರವಿರುವ ಪೀಟ್ ಜೌಗನ್ನೋ ತೆರವು ಮಾಡಿದಾಗ ಮರಗಳಲ್ಲೂ ಮಣ್ಣಿನಲ್ಲೂ ಕೂಡಿಟ್ಟಿದ್ದ ಇಂಗಾಲ ಗಾಳಿಗೆ ಸೇರುತ್ತದೆ, ಮತ್ತು ಅಲ್ಲಿ ಬೆಳೆದ ಇಂಧನವು ಆ ನಷ್ಟವನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ತೀರಿಸಬೇಕಾಗುತ್ತದೆ. ಇದನ್ನು ಇಂಗಾಲದ ಸಾಲ ಎನ್ನುತ್ತಾರೆ. ಜೋಸೆಫ್ ಫಾರ್ಜಿಯೋನ್ ಮತ್ತು ಸಂಗಡಿಗರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬ್ರೆಜಿಲ್‌ನ ಮರಗಳಿರುವ ಸೆರಾಡೋ ಪ್ರದೇಶವನ್ನು ಕಡಿದು ಕಬ್ಬಿನ ಎಥನಾಲ್ ತೆಗೆದರೆ ಈ ಸಾಲ ತೀರಲು ಸುಮಾರು 17 ವರ್ಷ ಬೇಕು. ಇಂಡೊನೇಷ್ಯಾ ಮತ್ತು ಮಲೇಷ್ಯಾಗಳ ತಗ್ಗು ಪ್ರದೇಶದ ಮಳೆಕಾಡನ್ನು ತಾಳೆ ಎಣ್ಣೆಯ ತೋಟವಾಗಿಸಿದರೆ ಸುಮಾರು 86 ವರ್ಷ. ಅದೇ ತೋಟ ಪೀಟ್ ನೆಲದ ಕಾಡಿನ ಜಾಗದಲ್ಲಿ ಬಂದರೆ 400 ವರ್ಷಗಳಿಗೂ ಹೆಚ್ಚು. ಅದೇ ಅಧ್ಯಯನದಲ್ಲಿ, ಸವೆದು ಪಾಳುಬಿದ್ದ ಹೊಲದಲ್ಲಿ ಬಹುವಾರ್ಷಿಕ ಹುಲ್ಲುಗಳನ್ನು ಬೆಳೆದರೆ ಸಾಲ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಮಟ್ಟಿಗೆ ಇದು ಉಳಿದೆಲ್ಲ ಪ್ರಶ್ನೆಗಳಿಗೂ ಮುಂಚೆ ದಾಟಬೇಕಾದ ಹೊಸ್ತಿಲು. ನಿಮ್ಮ ನೆಲದಲ್ಲಿ ಸಹಜ ಕಾಡು ನಿಂತಿದ್ದರೆ, ಅದನ್ನು ಕಡಿದು ಯಾವ ಇಂಧನ ಬೆಳೆಯನ್ನು ಹಾಕಬೇಕೆಂಬ ಪ್ರಶ್ನೆಗೆ ಈ ಮಾರ್ಗದರ್ಶಿಯಲ್ಲಿ ಉತ್ತರವಿಲ್ಲ.

ಎರಡನೆಯದು ನೀರು. ವೇಗವಾಗಿ ಬೆಳೆಯುವ ಸಸ್ಯ ವೇಗವಾಗಿ ನೀರನ್ನೂ ಹೀರುತ್ತದೆ. ಎಲೆಯ ರಂಧ್ರಗಳು ಇಂಗಾಲದ ಡೈಆಕ್ಸೈಡನ್ನು ಒಳಬಿಡಲು ತೆರೆದಾಗಲೆಲ್ಲ ನೀರಾವಿ ಹೊರಹೋಗುತ್ತದೆ. ಇದರಿಂದ ತಪ್ಪಿಸಿಕೊಳ್ಳುವ ದಾರಿ ಯಾವ ಬೆಳೆಗೂ ಇಲ್ಲ. ಸಿ4 ಎಂಬ, ಇಂಗಾಲವನ್ನು ಹೆಚ್ಚು ದಕ್ಷವಾಗಿ ಹಿಡಿಯುವ ಬಗೆಯ ದ್ಯುತಿಸಂಶ್ಲೇಷಣೆ ಇರುವ ಹುಲ್ಲುಗಳು ಪ್ರತಿ ಲೀಟರ್ ನೀರಿಗೆ ಹೆಚ್ಚು ಒಣ ತೂಕವನ್ನು ಕಟ್ಟುತ್ತವೆ ಎಂಬುದು ನಿಜ, ಆದರೆ ಅವು ಹೆಚ್ಚು ಕಾಲ ಹಸಿರಾಗಿದ್ದು ಹೆಚ್ಚು ಬೆಳೆಯುವುದರಿಂದ ಒಟ್ಟು ಬಳಕೆ ಏರಬಹುದು. ಇದರ ಜೊತೆಗೇ ಬರುವುದು ಪೋಷಕಾಂಶಗಳ ಲೆಕ್ಕ: ಕೊಯ್ಲಿನೊಂದಿಗೆ ಎಷ್ಟು ಸಾರಜನಕ, ರಂಜಕ, ಪೊಟ್ಯಾಸಿಯಂ ನೆಲ ಬಿಟ್ಟು ಹೋಗುತ್ತದೆ, ಅದನ್ನು ಯಾರು ತುಂಬುತ್ತಾರೆ?

ನೆರೆಯಲ್ಲಿ ಏನಿದೆ ಎಂಬುದೂ ಮುಖ್ಯ. ನಿಮ್ಮ ಹೊಲಕ್ಕೆ ಕಾಡು ಅಂಟಿಕೊಂಡಿದ್ದರೆ, ಬೀಜ ಹಾರಿಸುವ ಪರಕೀಯ ಹುಲ್ಲು ನಿಮ್ಮ ಬೇಲಿಯನ್ನು ಗೌರವಿಸುವುದಿಲ್ಲ. ಸೌದೆಗೆಂದು ದೇಶದಿಂದ ದೇಶಕ್ಕೆ ಒಯ್ದು ನೆಟ್ಟ ಪ್ರೊಸೋಪಿಸ್ ಜೂಲಿಫ್ಲೋರಾ, ಅಂದರೆ ಬಳ್ಳಾರಿ ಜಾಲಿ, ಇಥಿಯೋಪಿಯಾ, ಕೀನ್ಯಾ, ಭಾರತಗಳ ಒಣ ಹುಲ್ಲುಗಾವಲುಗಳನ್ನು ನುಂಗಿದ್ದು ಕಣ್ಣ ಮುಂದೆಯೇ ಇದೆ. ಇಂಧನ ಬೆಳೆಯಲ್ಲಿ ನಾವು ಬಯಸುವ ಗುಣಗಳೂ, ಅಂದರೆ ಬಡ ನೆಲದಲ್ಲೂ ಬೇಗ ಬೆಳೆಯುವುದು, ರೋಗಕ್ಕೆ ಬಗ್ಗದಿರುವುದು, ಕಡಿದರೆ ಮತ್ತೆ ಚಿಗುರುವುದು, ಆಕ್ರಮಣಕಾರಿ ಕಳೆಯ ಗುಣಗಳೂ ಬಹುಪಾಲು ಒಂದೇ ಎಂಬುದನ್ನು ಮರೆಯಬಾರದು.

ಕೊನೆಗೆ ಹಣ, ಕಾಲ ಮತ್ತು ಇಂಧನದ ರೂಪ. ಬೆಳೆ ಹಾಕುವ ಮೊದಲ ವರ್ಷದ ವೆಚ್ಚ, ಮೊದಲ ಪೂರ್ಣ ಕೊಯ್ಲಿಗೆ ಕಾಯಬೇಕಾದ ವರ್ಷಗಳು, ಮನಸ್ಸು ಬದಲಾದರೆ ಅದನ್ನು ಕಿತ್ತುಹಾಕುವ ಕಷ್ಟ, ಈ ಮೂರನ್ನೂ ಒಟ್ಟಿಗೆ ತೂಗಬೇಕು. ತೇವಾಂಶವನ್ನು ಕಡೆಗಣಿಸಿದ ಲೆಕ್ಕವಂತೂ ಲೆಕ್ಕವೇ ಅಲ್ಲ: ಪೂರ್ತಿ ಒಣಗಿದ ಒಂದು ಟನ್ ಸೌದೆಯಲ್ಲಿ ಸುಮಾರು 5,000 ಕಿಲೋವಾಟ್ ಗಂಟೆಯಷ್ಟು ಶಾಖವಿದ್ದರೆ, ಅರ್ಧ ತೂಕ ನೀರೇ ಇರುವ ಹಸಿ ಸೌದೆಯ ಒಂದು ಟನ್ನಿನಲ್ಲಿ ಬಳಕೆಗೆ ಸಿಗುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಹಸಿ ಚಕ್ಕೆಗಳನ್ನು ದೂರ ಸಾಗಿಸುವವರು ಲಾರಿಯಲ್ಲಿ ಅರ್ಧ ನೀರನ್ನೇ ಸಾಗಿಸುತ್ತಿರುತ್ತಾರೆ.

ಮಿಸ್ಕಾಂಥಸ್

ಸಮಶೀತೋಷ್ಣ ಪ್ರದೇಶಗಳಲ್ಲಿ ಇಳುವರಿಯ ಪಟ್ಟಿಯ ತುದಿಯಲ್ಲಿ ಸಾಮಾನ್ಯವಾಗಿ ಇರುವ ಹೆಸರು ಮಿಸ್ಕಾಂಥಸ್ ಜೈಗಾಂಟಿಯಸ್. ಇದು ಎರಡು ಜಾತಿಗಳ ಸಹಜ ಮಿಶ್ರತಳಿ. 1930ರ ದಶಕದಲ್ಲಿ ಜಪಾನಿನಿಂದ ಡೆನ್ಮಾರ್ಕಿಗೆ ಅಲಂಕಾರದ ಹುಲ್ಲಾಗಿ ಬಂದದ್ದು. ವರ್ಣತಂತುಗಳ ಗುಂಪು ಎರಡರ ಬದಲು ಮೂರು ಇರುವುದರಿಂದ ಇದು ಬೀಜ ಕಟ್ಟುವುದಿಲ್ಲ. ಇಲಿನಾಯ್ ರಾಜ್ಯದಲ್ಲಿ ಎಮಿಲಿ ಹೀಟನ್ ಮತ್ತು ಸಂಗಡಿಗರು ಪಕ್ಕಪಕ್ಕದ ತಾಕುಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಮಿಸ್ಕಾಂಥಸ್ ಹೆಕ್ಟೇರಿಗೆ ಸರಾಸರಿ 30 ಟನ್ನಿನಷ್ಟು ಒಣ ತೂಕ ಕೊಟ್ಟರೆ ಸ್ವಿಚ್‌ಗ್ರಾಸ್ ಎಂಬ ಇನ್ನೊಂದು ಬಹುವಾರ್ಷಿಕ ಹುಲ್ಲು ಕೊಟ್ಟದ್ದು 10 ಟನ್ನಿನ ಆಸುಪಾಸು. ಈ ಅಂತರವನ್ನು ನೋಡಿದವರಿಗೆ ಬೇರೆ ಆಯ್ಕೆಯೇ ಬೇಡ ಎನಿಸುವುದು ಸಹಜ.

ಇದರ ಇನ್ನೊಂದು ಬಲ ಕಾಣಿಸುವುದು ಚಳಿಗಾಲದ ಕೊನೆಯಲ್ಲಿ ಹೊಲದೊಳಗೆ ನಿಂತಾಗ. ಮೂರು ಮೀಟರಿಗೂ ಎತ್ತರದ ಕಡ್ಡಿಗಳು ಒಣಗಿ ಹುಲ್ಲುಬಣ್ಣಕ್ಕೆ ತಿರುಗಿರುತ್ತವೆ, ಎಲೆಗಳ ಬಹುಪಾಲು ಉದುರಿ ನೆಲದ ಮೇಲೆ ದಪ್ಪ ಹಾಸಾಗಿರುತ್ತದೆ, ಆ ಹಾಸಿನಡಿ ಕೈ ಹಾಕಿದರೆ ಮಣ್ಣು ತೇವವಾಗಿಯೇ ಇರುತ್ತದೆ ಮತ್ತು ಕಳೆ ಹೆಚ್ಚುಕಡಿಮೆ ಇರುವುದಿಲ್ಲ. ಅಷ್ಟು ಹೊತ್ತಿಗೆ ಸಸ್ಯವು ಕಾಂಡದಲ್ಲಿದ್ದ ಸಾರಜನಕದ ದೊಡ್ಡ ಭಾಗವನ್ನು ನೆಲದೊಳಗಿನ ಗೆಡ್ಡೆಗೆ ಇಳಿಸಿಕೊಂಡಿರುತ್ತದೆ, ಮಳೆ ಮತ್ತು ಹಿಮ ಪೊಟ್ಯಾಸಿಯಂ ಹಾಗೂ ಕ್ಲೋರಿನ್‌ಗಳನ್ನು ತೊಳೆದಿರುತ್ತವೆ. ಹೀಗೆ ತಡವಾಗಿ ಕೊಯ್ದ ಹುಲ್ಲು ಬಾಯ್ಲರಿನಲ್ಲಿ ಕಡಿಮೆ ಬೂದಿ ಬಿಡುತ್ತದೆ. ಬೂದಿ ಕರಗಿ ಗಟ್ಟಿಯಾಗಿ ಅಂಟಿಕೊಳ್ಳುವ ತೊಂದರೆಯೂ ತಗ್ಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಶರತ್ಕಾಲದಿಂದ ವಸಂತದವರೆಗೆ ಕಾಯುವಾಗ ಎಲೆ ಉದುರಿಯೂ ಕಡ್ಡಿ ಮುರಿದೂ ತೂಕದ ಗಣನೀಯ ಭಾಗ ಹೊಲದಲ್ಲೇ ಉಳಿಯುತ್ತದೆ. ಪರಿಸರದ ದೃಷ್ಟಿಯಿಂದ ನಾನು ಅದನ್ನು ನಷ್ಟವೆನ್ನುವುದಿಲ್ಲ, ಏಕೆಂದರೆ ಮಣ್ಣಿಗೆ ಇಂಗಾಲ ಸೇರುವುದು ಆ ಎಲೆಹಾಸಿನಿಂದಲೂ ಹೌದು.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೇಂದ್ರದಲ್ಲಿ ಸತತ 14 ಕೊಯ್ಲುಗಳ ಕಾಲ ನಡೆದ ಪ್ರಯೋಗದಲ್ಲಿ ಸಾರಜನಕ ಗೊಬ್ಬರ ಹಾಕಿದ ತಾಕುಗಳಿಗೂ ಹಾಕದ ತಾಕುಗಳಿಗೂ ಇಳುವರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ದೊಡ್ಡ ಮಾತು, ಆದರೆ ಎಲ್ಲ ನೆಲಕ್ಕೂ ಅನ್ವಯಿಸುವ ಮಾತಲ್ಲ. ಇಲಿನಾಯ್‌ನ ತಾಕುಗಳಲ್ಲಿ ವಯಸ್ಸಾದಂತೆ ಇಳುವರಿ ಇಳಿದದ್ದೂ ದಾಖಲಾಗಿದೆ, ಆದ್ದರಿಂದ ಐದನೆಯ ವರ್ಷದ ಅಂಕಿಯನ್ನು ಹದಿನೈದು ವರ್ಷಗಳಿಗೆ ಗುಣಿಸಿ ಯೋಜನೆ ಹಾಕಬಾರದು. ಬೀಜವಿಲ್ಲದ ಕಾರಣ, ಶುಂಠಿಯನ್ನು ನೆಡುವಂತೆ, ಗೆಡ್ಡೆಯ ತುಂಡುಗಳನ್ನು ಹೆಕ್ಟೇರಿಗೆ ಸಾವಿರಾರು ಲೆಕ್ಕದಲ್ಲಿ ನೆಡಬೇಕು. ಇಲ್ಲಿರುವ ಆಯ್ಕೆಗಳಲ್ಲಿ ಮೊದಲ ವರ್ಷದ ವೆಚ್ಚ ಅತಿ ಹೆಚ್ಚಾಗಿರುವವುಗಳಲ್ಲಿ ಇದೂ ಒಂದು. ಪೂರ್ಣ ಇಳುವರಿಗೆ ಎರಡು ಮೂರು ವರ್ಷ ಕಾಯಬೇಕು, ಮೊದಲ ಚಳಿಗಾಲದಲ್ಲಿ ಎಳೆಯ ಗೆಡ್ಡೆಗಳು ಸಾಯುವ ಅಪಾಯವಿದೆ, ಮತ್ತು ವ್ಯಾಪಾರಕ್ಕೆ ಬೆಳೆಯುವ ಬಹುಪಾಲು ಹೊಲಗಳು ಆನುವಂಶಿಕವಾಗಿ ಒಂದೇ ಸಸ್ಯದ ನಕಲುಗಳಾದ್ದರಿಂದ ಹೊಸ ರೋಗವೊಂದು ಬಂದರೆ ತಡೆಯಲು ಒಳಗೆ ವೈವಿಧ್ಯವಿಲ್ಲ. ಬೆಳೆ ಬೇಡವೆಂದಾಗ ಗೆಡ್ಡೆಗಳನ್ನು ತೆಗೆಯಲು ಕಳೆನಾಶಕವನ್ನೂ ಉಳುಮೆಯನ್ನೂ ಹಲವು ಬಾರಿ ಬಳಸಬೇಕಾಗುತ್ತದೆ. ಮಣ್ಣಿನ ತೇವವನ್ನು ಇದು ಮೆಕ್ಕೆಜೋಳಕ್ಕಿಂತ ಹೆಚ್ಚು ಇಳಿಸುತ್ತದೆ. ಅದೇ ವೇಳೆ ನೆಲದಡಿಯ ನೀರಿಗೆ ಸೇರುವ ನೈಟ್ರೇಟನ್ನು ಬಹಳವಾಗಿ ತಗ್ಗಿಸುತ್ತದೆ. ಮಳೆ ಧಾರಾಳವಿದ್ದು ನೈಟ್ರೇಟಿನ ತೊಂದರೆ ಇರುವ ಕಡೆ ಇದು ವರ, ನೀರಿಗೇ ಬರವಿರುವ ಕಡೆ ಹೊರೆ. ಅಗ್ಗವೆಂದು ಬೀಜದಿಂದ ಬೆಳೆಯುವ ತಳಿಗಳನ್ನು ಆಯುವವರು ಅವು ಬಂಜೆಯೋ ಅಲ್ಲವೋ ಎಂದು ವಿಚಾರಿಸಲೇಬೇಕು, ಏಕೆಂದರೆ ಇದರ ಹೆತ್ತ ಜಾತಿಗಳಲ್ಲೊಂದಾದ ಮಿಸ್ಕಾಂಥಸ್ ಸೈನೆನ್ಸಿಸ್ ಅಮೆರಿಕದ ಹಲವೆಡೆ ಆಕ್ರಮಣಕಾರಿ ಕಳೆಯಾಗಿ ಹರಡಿದೆ.

ಸ್ವಿಚ್‌ಗ್ರಾಸ್ ಮತ್ತು ಮಿಶ್ರ ಹುಲ್ಲು

ಸ್ವಿಚ್‌ಗ್ರಾಸ್ ಉತ್ತರ ಅಮೆರಿಕದ ಮೂಲನಿವಾಸಿ ಹುಲ್ಲು. ಅಲ್ಲಿನ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಕಾರ್ಯಕ್ರಮ 1990ರ ದಶಕದ ಆರಂಭದಲ್ಲಿ ಇದನ್ನು ಮಾದರಿ ಇಂಧನ ಹುಲ್ಲಾಗಿ ಆಯ್ದುಕೊಂಡಿತು. ಇಳುವರಿಯಲ್ಲಿ ಮಿಸ್ಕಾಂಥಸ್ಸಿನ ಮುಂದೆ ಇದು ಸೋಲುತ್ತದೆ. ಆದರೂ ಸಣ್ಣ ಬಂಡವಾಳದವರಿಗೆ ನಾನು ಇದನ್ನೇ ಮೊದಲು ಹೇಳುವುದಕ್ಕೆ ಕಾರಣವಿದೆ: ಬೀಜ ಬಿತ್ತಿದರೆ ಸಾಕು, ಹುಲ್ಲು ಕೊಯ್ದು ಕಟ್ಟುವ ಮಾಮೂಲಿ ಯಂತ್ರಗಳೇ ನಡೆಯುತ್ತವೆ, ಬೇಡವೆಂದಾಗ ತೆಗೆಯುವುದೂ ಸುಲಭ. ಹತ್ತು ರೈತರ ಹೊಲಗಳಲ್ಲಿ ಐದು ವರ್ಷ ಅಳೆದು 2008ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಇಳುವರಿ ಹೆಕ್ಟೇರಿಗೆ 5.2ರಿಂದ 11.1 ಟನ್ ಇತ್ತು. ಬೆಳೆಯಲು ಮತ್ತು ಎಥನಾಲ್ ತಯಾರಿಸಲು ವ್ಯಯವಾಗುವ ನವೀಕರಿಸಲಾಗದ ಶಕ್ತಿಗಿಂತ ಐದು ಪಟ್ಟಿಗೂ ಹೆಚ್ಚು ಶಕ್ತಿ ಅದರಿಂದ ಸಿಗುತ್ತದೆಂದು ಅಂದಾಜಿಸಲಾಯಿತು. ಪ್ರಯೋಗ ಕೇಂದ್ರದ ಸಣ್ಣ ತಾಕುಗಳ ಅಂಕಿಗಳಿಗಿಂತ ಇಂತಹ ನಿಜ ಹೊಲಗಳ ಅಂಕಿಗಳನ್ನು ನಾನು ಹೆಚ್ಚು ನಂಬುತ್ತೇನೆ. ತೊಂದರೆ ಇರುವುದು ಮೊದಲ ವರ್ಷದಲ್ಲಿ. ಬೀಜ ಸುಪ್ತಾವಸ್ಥೆಯಲ್ಲಿ ಉಳಿಯುವುದುಂಟು, ಮೊಳಕೆ ನಿಧಾನ, ಕಳೆ ಮೇಲೇರಿಬಿಡುತ್ತದೆ. ಮೊದಲ ಬೇಸಿಗೆಯಲ್ಲಿ ಹೊಲ ನೋಡಿ ಬೆಳೆ ಕೆಟ್ಟಿತೆಂದು ಉತ್ತುಬಿಟ್ಟವರು ಮೂರನೆಯ ವರ್ಷದವರೆಗೆ ಕಾಯಬೇಕಿತ್ತು. ಮೂಲನಿವಾಸಿಯಾಗಿರುವ ಖಂಡದ ಹೊರಗೆ ಇದು ಬೀಜ ಕಟ್ಟುವ ಪರಕೀಯ ಸಸ್ಯ ಎಂಬ ಎಚ್ಚರ ಬೇಕು.

ಇದೇ ಹುಲ್ಲನ್ನು ಒಂಟಿಯಾಗಿ ಹಾಕುವುದೋ, ಸ್ಥಳೀಯ ಹುಲ್ಲು, ದ್ವಿದಳ ಮತ್ತು ಹೂಗಿಡಗಳ ಜೊತೆ ಬೆರೆಸುವುದೋ? ಮಿನ್ನೆಸೋಟಾದ ಸೀಡರ್ ಕ್ರೀಕ್‌ನಲ್ಲಿ ಡೇವಿಡ್ ಟಿಲ್ಮನ್ ಮತ್ತು ಸಂಗಡಿಗರು ಸವೆದ ಮರಳು ನೆಲದಲ್ಲಿ ನಡೆಸಿದ ಪ್ರಯೋಗದಿಂದ 2006ರಲ್ಲಿ ಬಂದ ಫಲಿತಾಂಶ ಗಮನ ಸೆಳೆಯಿತು: ಒಂದು ದಶಕದ ನಂತರ ಹದಿನಾರು ಜಾತಿಗಳ ಮಿಶ್ರಣವು ಒಂಟಿ ಜಾತಿಯ ತಾಕುಗಳ ಸರಾಸರಿಗಿಂತ 238 ಶೇಕಡಾ ಹೆಚ್ಚು ಶಕ್ತಿ ಕೊಡಬಲ್ಲದಾಗಿತ್ತು, ಅದೂ ಸಾರಜನಕ ಗೊಬ್ಬರವಿಲ್ಲದೆ. ದ್ವಿದಳ ಸಸ್ಯಗಳು ಸಾರಜನಕ ಒದಗಿಸಿದವು, ಬೇರೆಬೇರೆ ಆಳದ ಬೇರುಗಳು ನೀರನ್ನು ಹಂಚಿಕೊಂಡವು, ಮಣ್ಣಿನ ಇಂಗಾಲ ಏರಿತು. ಆದರೆ ಎರಡು ವಿಷಯಗಳನ್ನು ಸೇರಿಸಿಯೇ ಓದಬೇಕು. ಆ ತಾಕುಗಳ ಒಟ್ಟು ಇಳುವರಿ ಹೆಕ್ಟೇರಿಗೆ ನಾಲ್ಕು ಟನ್ನಿಗೂ ಕಡಿಮೆ. ಹೋಲಿಕೆ ನಡೆದದ್ದು ಬಡ ನೆಲದ ಒಂಟಿ ಜಾತಿಗಳ ಸರಾಸರಿಯ ಜೊತೆ, ಚೆನ್ನಾಗಿ ಗೊಬ್ಬರ ಉಂಡ ಸ್ವಿಚ್‌ಗ್ರಾಸಿನ ಜೊತೆ ಅಲ್ಲ. ಅಲ್ಲದೆ ಅಲ್ಲಿ ಪ್ರತಿವರ್ಷ ಹುಲ್ಲನ್ನು ಪೂರ್ತಿ ಹೊತ್ತೊಯ್ಯುತ್ತಿರಲಿಲ್ಲ, ವಸಂತದಲ್ಲಿ ಸುಡುತ್ತಿದ್ದರು. ಕೊಯ್ದು ಸಾಗಿಸುವ ಹೊಲದಲ್ಲಿ ಪೊಟ್ಯಾಸಿಯಂ ಮತ್ತು ರಂಜಕದ ಲೆಕ್ಕ ಬೇರೆಯಾಗುತ್ತದೆ.

ಇಷ್ಟೆಲ್ಲ ಹೇಳಿಯೂ, ಕಾಡಿನ ಅಂಚಿನಲ್ಲಿರುವ, ಫಲವತ್ತಲ್ಲದ, ದೊಡ್ಡ ಆದಾಯದ ನಿರೀಕ್ಷೆ ಇಲ್ಲದ ನೆಲಕ್ಕೆ ಮಿಶ್ರ ಹುಲ್ಲನ್ನು ನಾನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಜೇನ್ನೊಣಗಳಿಗೂ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಇಲ್ಲಿ ಸಿಗುವಷ್ಟು ಜಾಗ ಬೇರೆ ಯಾವ ಇಂಧನ ಹೊಲದಲ್ಲೂ ಸಿಗುವುದಿಲ್ಲ. ಮರಿಗಳು ಹಾರಿಹೋದ ಮೇಲೆ ಕೊಯ್ಯಬೇಕು, ಮತ್ತು ಪ್ರತಿವರ್ಷ ಒಂದಿಷ್ಟು ಪಟ್ಟಿಯನ್ನು ಕೊಯ್ಯದೆ ಉಳಿಸಬೇಕು. ಮಿಷಿಗನ್‌ನ ಕೆಲಾಗ್ ಕೇಂದ್ರದ ಎರಡು ದಶಕಗಳ ಮಾಹಿತಿಯನ್ನು ಆಧರಿಸಿ 2013ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿತ್ತದೆ ತಾನಾಗಿ ಎದ್ದ ಸಸ್ಯರಾಶಿಯೂ, ಮಿತವಾಗಿ ಗೊಬ್ಬರ ಸಿಕ್ಕರೆ, ಇಂಧನದ ಮೂಲವಾಗಿ ಗಂಭೀರವಾಗಿ ಪರಿಗಣಿಸಬೇಕಾದಷ್ಟು ಶಕ್ತಿ ಕೊಡುತ್ತದೆಂದು ತೋರಿಸಿತು. ಬಿತ್ತನೆಯ ಖರ್ಚೇ ಇಲ್ಲದ ಆಯ್ಕೆ ಅದು.

ವಿಲ್ಲೋ ಮತ್ತು ಪಾಪ್ಲರ್

ತಂಪು ಪ್ರದೇಶದಲ್ಲಿ ಮರವನ್ನೇ ಬೆಳೆಯಬೇಕೆನ್ನುವವರಿಗೆ ಕಡಿದಷ್ಟೂ ಚಿಗುರುವ ವಿಲ್ಲೋ ಮುಖ್ಯ ಆಯ್ಕೆ. ಚಳಿಗಾಲದಲ್ಲಿ, ಮೊಗ್ಗು ಮಲಗಿರುವಾಗ, ಒಂದು ವರ್ಷದ ಕೋಲುಗಳಿಂದ ಗೇಣುದ್ದದ ತುಂಡುಗಳನ್ನು ಕತ್ತರಿಸಿ, ಕೊರೆಯುವ ತಂಪಿನಲ್ಲಿ ಕಾದಿರಿಸಿ, ವಸಂತದಲ್ಲಿ ಹದ ಮಾಡಿದ ಮಣ್ಣಿಗೆ ತುದಿಯಷ್ಟೇ ಕಾಣುವಂತೆ ನೇರವಾಗಿ ಒತ್ತುತ್ತಾರೆ. ಬೇರೂ ಇಲ್ಲ, ಎಲೆಯೂ ಇಲ್ಲ. ಹೆಕ್ಟೇರಿಗೆ ಹತ್ತರಿಂದ ಹದಿನೈದು ಸಾವಿರ ತುಂಡುಗಳು ಬೇಕು. ಮೊದಲ ವರ್ಷದ ಕೊನೆಯಲ್ಲಿ ಬುಡದವರೆಗೆ ಕತ್ತರಿಸಿದರೆ ಮರುವಸಂತದಲ್ಲಿ ಒಂದೊಂದು ಬುಡದಿಂದಲೂ ಹಲವು ಚಿಗುರುಗಳು ಏಳುತ್ತವೆ. ಆಮೇಲೆ ಮೂರು ನಾಲ್ಕು ವರ್ಷಕ್ಕೊಮ್ಮೆ ಕೊಯ್ಲು, ಒಟ್ಟು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳು. ಒಳ್ಳೆಯ ನೆಲದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 8ರಿಂದ 12 ಟನ್ ಒಣ ಸೌದೆ ಎಂದು ಹಿಡಿಯಬಹುದು. ಹತ್ತು ಟನ್ನೆಂದರೆ, ಬಾಯ್ಲರಿನ ನಷ್ಟವನ್ನು ಬಿಟ್ಟು ಹೇಳುವುದಾದರೆ, ಸುಮಾರು 5,000 ಲೀಟರ್ ಎಣ್ಣೆಯ ಶಾಖ.

ವಿಲ್ಲೋದ ನಿಜವಾದ ಹೆಚ್ಚುಗಾರಿಕೆ ನೀರಿನ ಬಳಿ ಕಾಣುತ್ತದೆ. ಜೌಗು ನೆಲವನ್ನೂ ಆಗಾಗ ಬರುವ ನೆರೆಯನ್ನೂ ಇದು ತಾಳುತ್ತದೆ. ಹೊಲಗಳಿಂದ ಹಳ್ಳಕ್ಕೆ ಹರಿಯುವ ನೈಟ್ರೇಟನ್ನು ಹೀರಿಕೊಳ್ಳುತ್ತದೆ. ಸ್ವೀಡನ್ನಿನ ಎನ್‌ಶೋಪಿಂಗ್ ಪಟ್ಟಣದಲ್ಲಿ ಊರಿನ ಕೊಳಚೆ ನೀರಿನ ಸಾರಜನಕಭರಿತ ಭಾಗವನ್ನು ವಿಲ್ಲೋ ತೋಟಕ್ಕೆ ಬಿಟ್ಟು, ಆ ಸೌದೆಯನ್ನು ಪಟ್ಟಣದ ಶಾಖ ಮತ್ತು ವಿದ್ಯುತ್ ಸ್ಥಾವರದಲ್ಲಿ ಉರಿಸುವ ವ್ಯವಸ್ಥೆ ಇದೆ. ತ್ಯಾಜ್ಯವೂ ಗೊಬ್ಬರವೂ ಇಂಧನವೂ ಒಂದೇ ಸುತ್ತಿನಲ್ಲಿ ಬರುವ ಇಂತಹ ಜೋಡಣೆ ಸಾಧ್ಯವಿರುವ ಕಡೆ ವಿಲ್ಲೋಗೆ ಸಾಟಿಯಿಲ್ಲ. ಬಹುತೇಕ ಹೂಗಳಿಗಿಂತ ಮುಂಚೆ ಅರಳುವ ಇದರ ಹೂಗೊಂಚಲುಗಳು ವಸಂತಾರಂಭದ ಜೇನ್ನೊಣಗಳಿಗೆ ಪರಾಗ ಒದಗಿಸುತ್ತವೆ. ಇನ್ನೊಂದೆಡೆ, ನೆಲದಡಿಯಲ್ಲಿ ಬಸಿಗಾಲುವೆಯ ಕೊಳವೆಗಳಿದ್ದರೆ ಬೇರುಗಳು ಅವನ್ನು ಹುಡುಕಿಕೊಂಡು ಹೋಗಿ ಕಟ್ಟಿಹಾಕುತ್ತವೆ. ಅಂತಹ ಹೊಲಕ್ಕೆ ವಿಲ್ಲೋ ಬೇಡ. ತುಕ್ಕು ರೋಗದಿಂದ ಒಂದೇ ತಳಿಯ ತೋಟಗಳು ಕೆಟ್ಟಿರುವುದರಿಂದ ಐದಾರು ತಳಿಗಳನ್ನು ಬೆರೆಸಿ ನೆಡುವುದು ಲೇಸು. ಕೊಯ್ದಾಗ ಚಕ್ಕೆಯ ಅರ್ಧ ತೂಕ ನೀರೇ ಆಗಿರುತ್ತದೆ. ರಾಶಿ ಹಾಕಿಟ್ಟರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿದು ತೂಕ ಇಳಿಯುತ್ತದೆ. ಒಣಗಿಸಲು ಮಾಡು ಮತ್ತು ಗಾಳಿ ಇಲ್ಲದವರು ಕೋಲುಗಳನ್ನೇ ಇಡಿಯಾಗಿ ಕೊಯ್ದು ಒಣಗಿಸಿ ಆಮೇಲೆ ಚಕ್ಕೆ ಮಾಡುವುದು ಒಳ್ಳೆಯದು. ಪಾಪ್ಲರ್ ಹೆಚ್ಚುಕಡಿಮೆ ಇದೇ ದಾರಿಯದ್ದು, ಇನ್ನಷ್ಟು ದಪ್ಪ ಮರ ಬೇಕೆನ್ನುವವರಿಗೆ ಮತ್ತು ಕೊಯ್ಲಿನ ನಡುವೆ ಹೆಚ್ಚು ವರ್ಷ ಕಾಯಬಲ್ಲವರಿಗೆ ಹೊಂದುತ್ತದೆ.

ನೀಲಗಿರಿ

ಬೆಚ್ಚಗಿನ ಪ್ರದೇಶಗಳಲ್ಲಿ ನೀಲಗಿರಿಯ ವೇಗಕ್ಕೆ ಎದುರಿಲ್ಲ. ಬ್ರೆಜಿಲ್‌ನಲ್ಲಿ ಆಯ್ದ ತಳಿಗಳನ್ನು ಆರೇಳು ವರ್ಷಕ್ಕೆ ಕಡಿಯುತ್ತಾರೆ, ಬುಡದಿಂದ ಕೂಳೆ ಚಿಗುರು ತಾನಾಗಿ ಬರುತ್ತದೆ, ಕೊಳ್ಳುವವರೂ ಸಿಗುತ್ತಾರೆ. ಹಣದ ಲೆಕ್ಕವೊಂದನ್ನೇ ನೋಡುವವರು ಇದನ್ನು ಬಿಡಲಾರರು. ಆದರೆ ನೀರಿನ ಲೆಕ್ಕ ಕಠಿಣವಾಗಿದೆ. ಜಗತ್ತಿನ ಅನೇಕ ಜಲಾನಯನಗಳ ಅಳತೆಗಳನ್ನು ಒಟ್ಟುಗೂಡಿಸಿ ಕ್ಯಾಥ್ಲೀನ್ ಫಾರ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟಾಗ ಹರಿವು ಸರಾಸರಿ 75 ಶೇಕಡಾ ಇಳಿಯಿತು. ಪೈನ್ ನೆಟ್ಟಾಗ 40 ಶೇಕಡಾ. ಒಣ ಪ್ರದೇಶದಲ್ಲಿ ಅದು ತೊರೆ ಪೂರ್ತಿ ಬತ್ತುವುದಕ್ಕೆ ಸಮಾನ. ಆದ್ದರಿಂದ ನೀಲಗಿರಿಯನ್ನು ಆಯುವವರು ತಮ್ಮ ತೋಟದ ಕೆಳಗಿನವರ ಬಾವಿ ಮತ್ತು ಹಳ್ಳಗಳ ಬಗ್ಗೆ ಉತ್ತರ ಹೇಳಲು ಸಿದ್ಧರಿರಬೇಕು.

ಮರಗಳಿವೆ ಎಂದಮಾತ್ರಕ್ಕೆ ಅದು ಕಾಡಾಗುವುದೂ ಇಲ್ಲ. ಬ್ರೆಜಿಲ್‌ನ ಅಮೆಜಾನ್ ಪ್ರದೇಶದ ಜಾರಿ ಎಂಬಲ್ಲಿ ಮೂಲ ಕಾಡು, ಮರುಹುಟ್ಟಿದ ಕಾಡು ಮತ್ತು ನೀಲಗಿರಿ ತೋಟಗಳಲ್ಲಿ ಹದಿನೈದು ಜೀವಿವರ್ಗಗಳನ್ನು ಹೋಲಿಸಿ ಜಾಸ್ ಬಾರ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲುಭಾಗದಷ್ಟು ಜಾತಿಗಳು ಮೂಲ ಕಾಡಿನ ಹೊರಗೆ ಒಮ್ಮೆಯೂ ಕಾಣಲಿಲ್ಲ. ಮಳೆ ಚೆನ್ನಾಗಿರುವ, ಈಗಾಗಲೇ ಉತ್ತು ಸವೆದ ನೆಲದಲ್ಲಿ, ತೊರೆಯ ಎರಡೂ ದಡಗಳನ್ನು ಸಹಜ ಸಸ್ಯಗಳಿಗೆ ಬಿಟ್ಟು, ತೋಟವನ್ನು ಬೇರೆಬೇರೆ ವಯಸ್ಸಿನ ತುಂಡುಗಳಾಗಿ ಹಂಚಿ ನೆಟ್ಟರೆ ಮಾತ್ರ ಇದನ್ನು ಒಪ್ಪಬಹುದು. ಬೆಂಕಿಯ ಅಪಾಯ ಇರುವ ಕಡೆ ಅದೂ ಬೇಡ.

ಎಣ್ಣೆಬೀಜದ ಮರಗಳು

ಕಾಡುಹರಳು, ಅಂದರೆ ಜಟ್ರೋಫಾ, 2000ದ ದಶಕದಲ್ಲಿ ಹುಟ್ಟಿಸಿದ್ದ ಆಸೆ ದೊಡ್ಡದು. ಬಂಜರು ನೆಲದಲ್ಲಿ ನೀರಿಲ್ಲದೆಯೂ ಬದುಕುತ್ತದೆ ಎಂಬುದು ನಿಜವೇ ಆಗಿತ್ತು, ಆದರೆ ಬದುಕುವುದೇ ಬೇರೆ, ಫಸಲು ಕೊಡುವುದೇ ಬೇರೆ. ನೀರೂ ಗೊಬ್ಬರವೂ ಇಲ್ಲದ ಕಡೆ ಬೀಜ ಬಹಳ ಕಡಿಮೆ ಬಂತು. ಕಾಯಿಗಳು ಒಟ್ಟಿಗೆ ಮಾಗದ ಕಾರಣ ಮತ್ತೆ ಮತ್ತೆ ಕೈಯಿಂದ ಬಿಡಿಸಬೇಕು, ಹಿಂಡಿ ವಿಷಕಾರಿ. ಇದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹೊಂಗೆಯ ಮಾತು ಬೇರೆ. ಬೇರಿನ ಗಂಟುಗಳಲ್ಲಿ ಸಾರಜನಕ ಸ್ಥಿರೀಕರಿಸುವ, ಉಪ್ಪನ್ನೂ ಬರವನ್ನೂ ತಾಳುವ, ದೀರ್ಘಕಾಲ ಬಾಳುವ ಮರ ಅದು; ಬೀಜದಲ್ಲಿ ಮೂರನೆಯ ಒಂದು ಭಾಗದಷ್ಟು ಎಣ್ಣೆ. ಬೀಜದಿಂದ ಎಬ್ಬಿಸಿದ ಮರಗಳ ನಡುವೆ ಇಳುವರಿಯ ವ್ಯತ್ಯಾಸ ತುಂಬ ಹೆಚ್ಚಿರುವುದರಿಂದ ಕಸಿ ಗಿಡಗಳೇ ಬೇಕು, ಮತ್ತು ಫಸಲು ಬರಲು ನಾಲ್ಕರಿಂದ ಏಳು ವರ್ಷ. ಆ ಮರ ಸಹಜವಾಗಿ ಬೆಳೆಯುವ ಪ್ರದೇಶದಲ್ಲಿ, ಹೊಲದ ಬದುಗಳಲ್ಲಿ, ಇತರ ಬೆಳೆಯ ಜೊತೆಗೆ ಹಾಕಿಕೊಳ್ಳುವವರಿಗೆ ಒಳ್ಳೆಯದು. ಅದೊಂದನ್ನೇ ನಂಬಿ ಸಾಲ ಮಾಡುವವರಿಗೆ ಅಲ್ಲ.

ನೆಡದೆ ಇರುವ ಆಯ್ಕೆ

ಅರಣ್ಯವಿರುವವರು ಹೊಸದಾಗಿ ಏನನ್ನೂ ನೆಡದೆ, ನಾಟಾ ಕಡಿದ ಮೇಲೆ ಉಳಿಯುವ ಕೊಂಬೆ ರೆಂಬೆಗಳನ್ನು ಇಂಧನವಾಗಿ ಬಳಸಬಹುದು. ಹೇಗೂ ಕೊಳೆತು ಇಂಗಾಲ ಬಿಡುತ್ತಿದ್ದ ವಸ್ತುವಾದ್ದರಿಂದ ಅದರ ಇಂಗಾಲದ ಸಾಲ ಬೇಗ ತೀರುತ್ತದೆ. ಇಂಧನಕ್ಕಾಗಿಯೇ ನಿಂತ ಮರವನ್ನು ಕಡಿದರೆ ಕಥೆ ಬದಲಾಗುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯಕ್ಕಾಗಿ ಮ್ಯಾನೊಮೆಟ್ ಕೇಂದ್ರ 2010ರಲ್ಲಿ ನಡೆಸಿದ ಅಧ್ಯಯನದಲ್ಲಿ, ಅಲ್ಲಿನ ಕಾಡಿನ ಸೌದೆಯಿಂದ ಎಣ್ಣೆಯ ಬಾಯ್ಲರನ್ನು ಬದಲಿಸಿದರೆ ಸಾಲ ತೀರಲು ಸುಮಾರು 5 ವರ್ಷ, ಕಲ್ಲಿದ್ದಲಿನ ವಿದ್ಯುತ್ತನ್ನು ಬದಲಿಸಿದರೆ 21 ವರ್ಷ, ಅನಿಲದ ವಿದ್ಯುತ್ತನ್ನು ಬದಲಿಸಿದರೆ 90ಕ್ಕೂ ಹೆಚ್ಚು ವರ್ಷ ಎಂಬ ಲೆಕ್ಕ ಬಂತು. ಸೌದೆಯನ್ನು ವಿದ್ಯುತ್ತಿಗಿಂತ ಶಾಖಕ್ಕೆ ಬಳಸುವುದು ಏಕೆ ಲೇಸೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಉಳಿಕೆಗಳನ್ನು ತೆಗೆಯುವುದರಲ್ಲೂ ಮಿತಿ ಬೇಕು. ಮರದ ಪೋಷಕಾಂಶಗಳು ದಪ್ಪ ಕಾಂಡಕ್ಕಿಂತ ಎಲೆ, ಸೂಜಿ ಮತ್ತು ಎಳೆ ರೆಂಬೆಗಳಲ್ಲಿ ಸಾಂದ್ರವಾಗಿರುತ್ತವೆ. ಅವು ಒಣಗಿ ಉದುರುವವರೆಗೆ ಕೊಂಬೆಗಳನ್ನು ಒಂದು ಋತುವಾದರೂ ಸ್ಥಳದಲ್ಲೇ ಬಿಡಬೇಕು. ಫಿನ್‌ಲೆಂಡಿನ ಕಾಡುಗಳಲ್ಲಿ ಸುಮಾರು ಐದನೆಯ ಒಂದು ಭಾಗ ಜಾತಿಗಳು ಸತ್ತ ಮರವನ್ನು ಅವಲಂಬಿಸಿವೆ; ಆದ್ದರಿಂದ ದಪ್ಪ ದಿಮ್ಮಿಗಳನ್ನೂ ನಿಂತೇ ಒಣಗಿದ ಮರಗಳನ್ನೂ ಬುಡಗಳನ್ನೂ ಮುಟ್ಟಬಾರದು. ಇನ್ನು ಪಾಳುಬಿದ್ದ ನೆಲವನ್ನು ಕಾಡಾಗಲು ಬಿಟ್ಟುಬಿಡುವುದು. ಲ್ಯಾಟಿನ್ ಅಮೆರಿಕದ ಮರುಹುಟ್ಟಿದ ಕಾಡುಗಳ ಕುರಿತು 2016ರಲ್ಲಿ ಬಂದ ಅಧ್ಯಯನದಲ್ಲಿ, ಇಪ್ಪತ್ತು ವರ್ಷಗಳಲ್ಲಿ ನೆಲದ ಮೇಲಿನ ಜೀವರಾಶಿ ಹೆಕ್ಟೇರಿಗೆ ಸರಾಸರಿ 122 ಟನ್ ತಲುಪಿತ್ತು. ಹಳೆಯ ಕಾಡಿನ 90 ಶೇಕಡಾ ಮಟ್ಟಕ್ಕೆ ಬರಲು ಬೇಕಾದ ಕಾಲದ ಮಧ್ಯಮ ಮೌಲ್ಯ 66 ವರ್ಷ. ಮಳೆಯಿರುವ, ಬೀಜ ತರುವ ಕಾಡು ಹತ್ತಿರವಿರುವ ನೆಲದಲ್ಲಿ, ಬೇರೆ ಆದಾಯವಿದ್ದು ಇಂಧನ ಅನಿವಾರ್ಯವಲ್ಲದವರಿಗೆ, ನನ್ನ ಪ್ರಾಮಾಣಿಕ ಸಲಹೆ ಇದೇ.

ಯಾರಿಗೆ ಯಾವುದು

ಸವೆದ ಹೊಲ, ಒಳ್ಳೆಯ ಮಳೆ, ಹುಲ್ಲಿನ ಕಟ್ಟುಗಳನ್ನು ಕೊಳ್ಳುವ ಸ್ಥಾವರ ಹತ್ತಿರದಲ್ಲಿದೆ, ಮೂರು ವರ್ಷ ಕಾಯುವ ಬಂಡವಾಳವೂ ಇದೆ ಎನ್ನುವವರು ಬಂಜೆ ಮಿಸ್ಕಾಂಥಸ್ಸನ್ನು ಆಯಬಹುದು. ಬಂಡವಾಳ ಕಡಿಮೆ, ಮಾರುಕಟ್ಟೆ ಅನಿಶ್ಚಿತ, ಹತ್ತು ವರ್ಷದೊಳಗೆ ಬೇರೆ ಬೆಳೆಗೆ ಮರಳಬೇಕಾಗಬಹುದು ಎನ್ನುವವರಿಗೆ ಬೀಜದಿಂದ ಬರುವ ಸ್ಥಳೀಯ ಹುಲ್ಲು, ಒಂಟಿಯಾಗಿಯೋ ಮಿಶ್ರವಾಗಿಯೋ, ಸುರಕ್ಷಿತ; ಕೊಳ್ಳುವವರು ಸಿಗದಿದ್ದರೆ ಮೇವಾಗಿಯೋ ಹಾಸಾಗಿಯೋ ಉಪಯೋಗಕ್ಕೆ ಬರುತ್ತದೆ. ಹಳ್ಳದ ದಡ, ತೇವದ ನೆಲ, ಸ್ವಂತ ಬಾಯ್ಲರ್ ಇರುವವರು ವಿಲ್ಲೋ ಕಡೆ ನೋಡಲಿ. ತೋಟವನ್ನು ಮೂರು ಭಾಗ ಮಾಡಿ ವರ್ಷಕ್ಕೊಂದರಂತೆ ನೆಟ್ಟರೆ ಪ್ರತಿವರ್ಷವೂ ಕೊಯ್ಲು ಸಿಗುತ್ತದೆ. ಕಾಡಿನ ಅಂಚಿನವರಿಗೆ ಬೀಜ ಕಟ್ಟುವ ಪರಕೀಯ ಸಸ್ಯ ಯಾವುದೂ ಬೇಡ. ನೆಲ ಒಂದೇ ಬಗೆಯದಾಗಿರುವುದು ಅಪರೂಪವಾದ್ದರಿಂದ ಫಲವತ್ತಾದ ಮಧ್ಯಭಾಗಕ್ಕೆ ಒಂದು, ತೊರೆಯ ಪಟ್ಟಿಗೆ ಇನ್ನೊಂದು, ಕಡಿದಾದ ಅಂಚಿಗೆ ಮರುಹುಟ್ಟುವ ಕಾಡು ಎಂದು ಹಂಚುವುದಕ್ಕೆ ಅಡ್ಡಿಯೇನಿಲ್ಲ; ಕೊಯ್ಲಿನ ಯಂತ್ರ ಎರಡು ಬಗೆಯದು ಬೇಕಾಗುತ್ತದೆ ಎಂಬುದೊಂದೇ ತೊಡಕು.

ಯಾವುದನ್ನೇ ಆಯ್ದುಕೊಂಡರೂ, ಮೊದಲ ಉಳುಮೆಗೆ ಮುಂಚೆಯೇ ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ಆಮೇಲೆ ಮಾಡಲು ಬರುವುದಿಲ್ಲ. ಹೊಲದ ಹಲವು ಕಡೆ, ಸಾಧ್ಯವಾದರೆ ಒಂದು ಮೀಟರ್ ಆಳದವರೆಗೆ, ಪದರ ಪದರವಾಗಿ ಮಣ್ಣು ತೆಗೆದು ಅದರ ಇಂಗಾಲ ಮತ್ತು ಸಾಂದ್ರತೆಯನ್ನು ಪರೀಕ್ಷೆ ಮಾಡಿಸಿ, ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಿ. ಮೇಲಿನ ಗೇಣು ಮಣ್ಣನ್ನಷ್ಟೇ ಅಳೆದರೆ ಆಳದ ಬೇರುಗಳು ಮಾಡುವ ಕೆಲಸ ಕಾಣುವುದಿಲ್ಲ. ಹತ್ತಿರದ ಬಾವಿಯ ಅಥವಾ ಹಳ್ಳದ ನೀರಿನ ಮಟ್ಟವನ್ನೂ ಒಂದು ವರ್ಷವಾದರೂ ಬರೆದಿಡಿ, ಮತ್ತು ಹೊಲದ ಒಂದು ಪಟ್ಟಿಯನ್ನು ಏನೂ ನೆಡದೆ ಹಳೆಯ ಸ್ಥಿತಿಯಲ್ಲೇ ಬಿಡಿ. ಐದು ವರ್ಷಗಳ ನಂತರ ಅದೇ ಋತುವಿನಲ್ಲಿ ಅದೇ ಜಾಗಗಳಿಂದ ಮತ್ತೆ ಮಣ್ಣು ತೆಗೆದಾಗ ಕಾಣುವ ವ್ಯತ್ಯಾಸ ಬೆಳೆಯದೋ ಹವಾಮಾನದ್ದೋ ಎಂಬುದನ್ನು ಆ ಪಟ್ಟಿಯ ಜೊತೆ ಹೋಲಿಸಿಯೇ ಹೇಳಬೇಕಾಗುತ್ತದೆ.